ಮಾಯಾ ನೀಲಿ: ನೀಲಿ ಸೊಪ್ಪು, ಬಿಳಿಮಣ್ಣು ಮತ್ತು ಜನಪದ ಸ್ಮೃತಿ

ಮಧ್ಯ ಅಮೆರಿಕದ ಮಾಯಾ ಜನಾಂಗದ ಪೂರ್ವಿಕರು ತಮ್ಮ ಭಿತ್ತಿಚಿತ್ರ, ಮಡಕೆ, ಶಿಲ್ಪ ಮತ್ತು ಹಸ್ತಪ್ರತಿಗಳಿಗೆ ಬಳಸಿದ ನೀಲಿ ವರ್ಣದ್ರವ್ಯವೊಂದು ವಿದ್ವತ್ ವಲಯದಲ್ಲಿ ‘ಮಾಯಾ ನೀಲಿ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಇಲ್ಲಿನ ‘ಮಾಯಾ’ ಶಬ್ದ ಜನಾಂಗವಾಚಕ. ಕನ್ನಡದ ‘ಮಾಯೆ’ಗೂ ಇದಕ್ಕೂ ಸಂಬಂಧವಿಲ್ಲ. ನೀಲಿ ಗಿಡದ ಎಲೆಯಿಂದ ತೆಗೆದ ಬಣ್ಣವನ್ನು ಒಂದು ವಿಶೇಷ ಜಾತಿಯ ಬಿಳಿ ಜೇಡಿಮಣ್ಣಿನೊಡನೆ ಬೆರೆಸಿ ಹದವಾಗಿ ಕಾಯಿಸಿದಾಗ ಈ ವರ್ಣದ್ರವ್ಯ ಸಿದ್ಧವಾಗುತ್ತದೆ. ಹೇಳಲು ಇಷ್ಟು ಸರಳವಾದ ಈ ಸಂಗತಿಯನ್ನು ಆಧುನಿಕ ವಿಜ್ಞಾನ ಕಂಡುಕೊಳ್ಳಲು 1931ರಿಂದ 1966ರವರೆಗೆ ಮೂರೂವರೆ ದಶಕಗಳು ಬೇಕಾದವು. ಮಾಯಾ ಜನರು ಅದನ್ನು ಯಾವ ಸಂದರ್ಭದಲ್ಲಿ, ಯಾವ ಬಗೆಯಲ್ಲಿ ತಯಾರಿಸುತ್ತಿದ್ದರು ಎಂಬುದಕ್ಕೆ ನೇರವಾದ ಸಾಕ್ಷ್ಯವನ್ನು ಸಂಶೋಧಕರು ಪ್ರಕಟಿಸಿದ್ದು 2008ರಲ್ಲಿ.

ಈ ದೀರ್ಘ ಶೋಧವು ಸಾಮಾನ್ಯವಾಗಿ ರಸಾಯನಶಾಸ್ತ್ರದ ಸಾಧನೆಯಾಗಿ ನಿರೂಪಿತವಾಗುತ್ತ ಬಂದಿದೆ. ಆದರೆ ಅದರ ಒಡಲಲ್ಲಿ ಜಾನಪದ ಅಧ್ಯಯನಕ್ಕೆ ಮುಖ್ಯವಾದ ಒಂದು ಪ್ರಶ್ನೆ ಅಡಗಿದೆ. ಯುಕಟಾನ್ ಪ್ರದೇಶದಲ್ಲಿ ನೀಲಿ ಗಿಡ ಎಂದೂ ಪೂರ್ತಿ ಅಳಿದಿರಲಿಲ್ಲ; ಕುಂಬಾರರು ಬಿಳಿಮಣ್ಣನ್ನು ಅಗೆಯುತ್ತಲೇ ಇದ್ದರು; ಧೂಪದ ಬಳಕೆಯೂ ನಿಂತಿರಲಿಲ್ಲ. ಹೀಗೆ ಸಾಮಗ್ರಿಗಳೆಲ್ಲವೂ ಊರಿನಲ್ಲೇ ಇದ್ದಾಗ ವಿಧಾನ ಮಾತ್ರ ಮರೆಯಾದದ್ದು ಹೇಗೆ? ಮರೆಯಾದದ್ದರ ಸುಳಿವು ಕೊನೆಗೆ ಸಿಕ್ಕಿದ್ದು ಎಲ್ಲಿ? ಈ ಎರಡು ಪ್ರಶ್ನೆಗಳ ಬೆಳಕಿನಲ್ಲಿ ಮಾಯಾ ನೀಲಿಯ ಸ್ವರೂಪ, ಆಚರಣೆ ಮತ್ತು ಸ್ಮೃತಿಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಸಮಸ್ಯೆಯ ಸ್ವರೂಪ

ನೀಲಿ ಬಣ್ಣದ ತಯಾರಿಕೆ ಭಾರತೀಯರಿಗೆ ಅಪರಿಚಿತವಾದುದಲ್ಲ. ನೀಲಿ ಗಿಡದ ಹಸಿರೆಲೆಯನ್ನು ನೀರಿನಲ್ಲಿ ನೆನೆಹಾಕಿ ಕೊಳೆಯಿಸಿ, ಆ ನೀರನ್ನು ಗಾಳಿಯಾಡುವಂತೆ ಚೆನ್ನಾಗಿ ಬಡಿದಾಗ ನೀಲಿಯು ತಳಕ್ಕೆ ಇಳಿಯುತ್ತದೆ. ಭಾರತದಲ್ಲಿ ಬೆಳೆಯುವ ನೀಲಿ ಗಿಡವೂ ಮೆಕ್ಸಿಕೊದಲ್ಲಿ ಬೆಳೆಯುವ ನೀಲಿ ಗಿಡವೂ ಒಂದೇ ಕುಲದ ಬೇರೆ ಬೇರೆ ಪ್ರಭೇದಗಳು. ಇಂಡಿಗೋಫೆರಾ ಟಿಂಕ್ಟೋರಿಯಾ ಎಂಬುದು ನಮ್ಮದು, ಇಂಡಿಗೋಫೆರಾ ಸಫ್ರುಟಿಕೋಸಾ ಎಂಬುದು ಅಲ್ಲಿಯದು. ಎರಡರಿಂದಲೂ ದೊರೆಯುವ ನೀಲಿ ರಾಸಾಯನಿಕವಾಗಿ ಒಂದೇ. ಮೆಕ್ಸಿಕೊದ ನಹುವಾ ಭಾಷಿಕರು ಈ ಗಿಡವನ್ನು ‘ಶಿಯುಕಿಲಿಟ್ಲ್’ ಎಂದೂ ಯುಕಟಾನಿನ ಮಾಯಾ ಭಾಷಿಕರು ‘ಚೋಹ್’ ಎಂದೂ ಕರೆದರು. ಸ್ಪೇನಿನವರು ಅದಕ್ಕೆ ‘ಅನ್ಯಿಲ್’ ಎಂಬ ಹೆಸರನ್ನು ತಂದರು. ಅರಬ್ಬಿಯ ಮೂಲಕ ಸ್ಪೇನಿಗೆ ತಲುಪಿದ ಈ ಪದದ ಮೂಲ ಸಂಸ್ಕೃತದ ‘ನೀಲ’ ಶಬ್ದ ಎಂಬುದು ಗಮನಾರ್ಹ.

ಬಟ್ಟೆಗೆ ಹಿಡಿದ ನೀಲಿ ಬಿಸಿಲಿಗೆ ಕ್ರಮೇಣ ಮಾಸುತ್ತದೆ. ನೈಟ್ರಿಕ್ ಆಮ್ಲ ತಗಲಿದರೆ ಅದು ನಾಶವಾಗಿ ಹಳದಿಗೆ ತಿರುಗುತ್ತದೆ. ಆದರೆ ಮಾಯಾ ನೀಲಿಯ ವರ್ತನೆ ಇದಕ್ಕೆ ತದ್ವಿರುದ್ಧವಾಗಿದೆ. ಆಮ್ಲ, ಕ್ಷಾರ, ದ್ರಾವಕ ಯಾವುದಕ್ಕೂ ಅದು ಸುಲಭವಾಗಿ ಮಣಿಯುವುದಿಲ್ಲ. ಬಿಸಿಲು, ಮಳೆ, ತೇವ ತುಂಬಿದ ಕಾಡಿನ ಹವೆ ಇವುಗಳ ನಡುವೆ ಶತಮಾನಗಳ ಕಾಲ ಅದು ಉಳಿದುಬಂದಿದೆ. ಚಿಯಾಪಾಸ್ ಪ್ರಾಂತದ ಬೊನಾಂಪಾಕ್‌ನಲ್ಲಿ ಸುಮಾರು ಕ್ರಿ.ಶ. 790ರ ಕಾಲದ ಭಿತ್ತಿಚಿತ್ರಗಳಿವೆ. ಹೊರಜಗತ್ತಿನ ಗಮನಕ್ಕೆ ಅವು ಬಂದದ್ದು 1946ರಲ್ಲಿ. ಸಾವಿರಕ್ಕೂ ಹೆಚ್ಚು ವರ್ಷಗಳ ಅನಂತರವೂ ಅಲ್ಲಿನ ಹಿನ್ನೆಲೆಯ ನೀಲಿ ಗುರುತಿಸುವಂತಿತ್ತು. ಮಾಯಾ ಸೀಮೆಯ ಆಚೆಗೆ ಕಕಾಶ್ಟ್ಲಾದ ಭಿತ್ತಿಚಿತ್ರಗಳಲ್ಲಿಯೂ ಅಜ್ಟೆಕರ ರಾಜಧಾನಿಯ ಮಹಾದೇವಾಲಯದ ಅವಶೇಷಗಳಲ್ಲಿಯೂ ಇದೇ ವರ್ಣದ್ರವ್ಯ ಕಂಡುಬಂದಿದೆ. ಆದ್ದರಿಂದ ‘ಮಾಯಾ ನೀಲಿ’ ಎಂಬ ಹೆಸರು ವಸ್ತುವಿನ ಪೂರ್ಣ ವ್ಯಾಪ್ತಿಯನ್ನು ಸೂಚಿಸುವುದಿಲ್ಲ. ಅದು ಸಂಶೋಧಕರು ಇಟ್ಟ ಹೆಸರೇ ಹೊರತು ಅದನ್ನು ಬಳಸಿದ ಜನರದಲ್ಲ.

ಪ್ರಯೋಗಾಲಯದ ಹುಡುಕಾಟ

ಚಿಚೆನ್ ಇಟ್ಸಾದ ಯೋಧರ ದೇವಾಲಯದ ವರ್ಣಗಳನ್ನು ಪರೀಕ್ಷಿಸಿದ ಮೆರ್ವಿನ್ ಅವರು 1931ರಲ್ಲಿ ಪ್ರಕಟವಾದ ವರದಿಯಲ್ಲಿ ಈ ನೀಲಿಯ ಅಸಾಮಾನ್ಯ ಗುಣವನ್ನು ಮೊದಲಿಗೆ ಗುರುತಿಸಿದರು. ಆಮ್ಲಕ್ಕೆ ಜಗ್ಗದ ಕಾರಣ ಅದನ್ನು ಖನಿಜಮೂಲದ್ದೆಂದು ಭಾವಿಸಲಾಯಿತು. 1942ರಲ್ಲಿ ಗೆಟೆನ್ಸ್ ಮತ್ತು ಸ್ಟೌಟ್ ಅವರು ಇದಕ್ಕೆ ‘ಮಾಯಾ ನೀಲಿ’ ಎಂಬ ಹೆಸರನ್ನು ರೂಢಿಗೆ ತಂದರು. 1950ರ ದಶಕದಲ್ಲಿ ಕ್ಷಕಿರಣ ಪರೀಕ್ಷೆಗಳಿಂದ ಇದರ ಪ್ರಧಾನ ಅಂಶ ಪ್ಯಾಲಿಗೋರ್ಸ್ಕೈಟ್ ಎಂಬ ಜೇಡಿಮಣ್ಣು ಎಂಬುದು ತಿಳಿದುಬಂತು. ಇದರಿಂದ ಸಮಸ್ಯೆ ಬಗೆಹರಿಯುವ ಬದಲು ಇನ್ನಷ್ಟು ಜಟಿಲವಾಯಿತು. ಏಕೆಂದರೆ ಆ ಮಣ್ಣಿನ ಸಹಜ ಬಣ್ಣ ಬಿಳುಪು. ಬಿಳಿಯ ಮಣ್ಣಿಗೆ ನೀಲಿಯನ್ನು ಕೊಟ್ಟದ್ದು ಯಾವುದು? 1962ರ ಲೇಖನದಲ್ಲಿಯೂ ಗೆಟೆನ್ಸ್ ಇದನ್ನು ಬಗೆಹರಿಯದ ಸಮಸ್ಯೆ ಎಂದೇ ಕರೆದರು. ಅದೇ ವರ್ಷ ಅನ್ನಾ ಶೆಪರ್ಡ್ ಅವರು ಮಣ್ಣು ಮತ್ತು ಸಸ್ಯಜನ್ಯ ಬಣ್ಣ ಕೂಡಿಯೇ ಈ ದ್ರವ್ಯ ಉಂಟಾಗಿರಬಹುದೆಂಬ ಸಾಧ್ಯತೆಯನ್ನು ಮುಂದಿಟ್ಟರು. 1966ರಲ್ಲಿ ವಾನ್ ಓಲ್ಫೆನ್ ಅವರು ನೀಲಿಯನ್ನು ಪ್ಯಾಲಿಗೋರ್ಸ್ಕೈಟ್ ಮಣ್ಣಿನೊಡನೆ ಸೇರಿಸಿ ಕಾಯಿಸಿ, ಆಮ್ಲಕ್ಕೆ ಜಗ್ಗದ ನೀಲಿ ದ್ರವ್ಯವನ್ನು ಪ್ರಯೋಗಾಲಯದಲ್ಲಿ ಪಡೆದರು.

ಇದರ ಒಳಗುಟ್ಟು ಮಣ್ಣಿನ ರಚನೆಯಲ್ಲಿದೆ. ಪ್ಯಾಲಿಗೋರ್ಸ್ಕೈಟ್ ಮೆಗ್ನೀಸಿಯಂ ಹಾಗೂ ಅಲ್ಯುಮಿನಿಯಂ ಒಳಗೊಂಡ ಸಿಲಿಕೇಟ್ ಖನಿಜ. ಸಾಮಾನ್ಯ ಜೇಡಿಮಣ್ಣಿನ ಕಣಗಳು ಹಾಳೆಗಳಂತೆ ಒಂದರ ಮೇಲೊಂದು ಕುಳಿತಿರುತ್ತವೆ. ಪ್ಯಾಲಿಗೋರ್ಸ್ಕೈಟ್‌ನ ಕಣಗಳಾದರೋ ಸೂಕ್ಷ್ಮವಾದ ನಾರಿನಂತಿದ್ದು, ನಾರಿನ ಉದ್ದಕ್ಕೂ ಒಂದು ನ್ಯಾನೊಮೀಟರಿಗಿಂತ ಕಿರಿದಾದ ಕಾಲುವೆಗಳಿರುತ್ತವೆ. ಆ ಕಾಲುವೆಗಳಲ್ಲಿ ನೀರು ತುಂಬಿರುತ್ತದೆ. ನೀಲಿಯೊಡನೆ ಅರೆದು ಸುಮಾರು 100 ಡಿಗ್ರಿ ಸೆಲ್ಸಿಯಸ್ ಅಥವಾ ತುಸು ಹೆಚ್ಚಿನ ಶಾಖದಲ್ಲಿ ಕಾಯಿಸಿದಾಗ ನೀರು ಹೊರಹೋಗಿ, ನೀಲಿಯ ಅಣುಗಳು ಮಣ್ಣಿಗೆ ಭದ್ರವಾಗಿ ಕಚ್ಚಿಕೊಳ್ಳುತ್ತವೆ. ಅವು ಕಾಲುವೆಯ ಒಳಗೆ ಸೇರುತ್ತವೆಯೇ, ಬಾಯಿಯಲ್ಲಿ ಬಿರಡೆಯಂತೆ ಕೂರುತ್ತವೆಯೇ, ಹೊರಮೈಯ ತೋಡುಗಳಲ್ಲಿ ನೆಲೆಸುತ್ತವೆಯೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ಮಣ್ಣಿನ ಆಶ್ರಯದಲ್ಲಿ ನೀಲಿಯು ಆಮ್ಲ ಮತ್ತು ಬೆಳಕಿನಿಂದ ರಕ್ಷಣೆ ಪಡೆಯುತ್ತದೆ ಎಂಬುದರಲ್ಲಿ ಮಾತ್ರ ಎಲ್ಲರಿಗೂ ಸಹಮತವಿದೆ. ಇದಕ್ಕೆ ಬೇಕಾದ ನೀಲಿಯ ಪ್ರಮಾಣವೂ ಅತ್ಯಲ್ಪ, ತೂಕದಲ್ಲಿ ಶೇ. 1ರಿಂದ 2ರಷ್ಟಿದ್ದರೆ ಸಾಕು. ಅಪಾರ ನೀಲಿಯನ್ನು ವ್ಯಯಿಸದೆ, ಮಾಸುವ ಬಣ್ಣವನ್ನು ಮಾಸದಂತೆ ಮಾಡುವ ಜಾಣ್ಮೆ ಇದು.

ಕುಂಬಾರರ ಬಿಳಿಮಣ್ಣು

ಪ್ರಯೋಗಾಲಯದಲ್ಲಿ ವಸ್ತು ಸಿದ್ಧವಾದರೂ ಒಂದು ಮುಖ್ಯ ಪ್ರಶ್ನೆ ಉಳಿದಿತ್ತು. ಪ್ಯಾಲಿಗೋರ್ಸ್ಕೈಟ್ ಎಲ್ಲೆಂದರಲ್ಲಿ ಸಿಗುವ ಮಣ್ಣಲ್ಲ. ಕ್ಷಕಿರಣ ಯಂತ್ರಗಳಿಲ್ಲದ ಕಾಲದ ಮಾಯಾ ಜನರು ನೂರಾರು ಬಗೆಯ ಮಣ್ಣುಗಳ ನಡುವೆ ಅದನ್ನೇ ಆರಿಸಿಕೊಂಡದ್ದು ಹೇಗೆ? ಈ ಪ್ರಶ್ನೆಗೆ ಉತ್ತರದ ದಾರಿ ತೋರಿದವರು ಯುಕಟಾನಿನ ಟಿಕುಲ್ ಪಟ್ಟಣದ ಕುಂಬಾರರು.

1965ರಲ್ಲಿ ಮಾನವಶಾಸ್ತ್ರದ ವಿದ್ಯಾರ್ಥಿಯಾಗಿ ಟಿಕುಲ್‌ಗೆ ಬಂದ ಡೀನ್ ಆರ್ನಾಲ್ಡ್ ಅಲ್ಲಿನ ಕುಂಬಾರರು ಮಣ್ಣುಗಳನ್ನು ಹೇಗೆ ಹೆಸರಿಸುತ್ತಾರೆ, ಹೇಗೆ ವಿಂಗಡಿಸುತ್ತಾರೆ ಎಂಬುದನ್ನು ದಾಖಲಿಸತೊಡಗಿದರು. ಅವರ ನುಡಿಯಲ್ಲಿ ‘ಸಾಕ್ ಲೂಮ್’ ಎಂಬ ಮಣ್ಣಿಗೆ ವಿಶೇಷ ಸ್ಥಾನವಿತ್ತು. ‘ಸಾಕ್’ ಎಂದರೆ ಬಿಳುಪು, ‘ಲೂಮ್’ ಎಂದರೆ ಮಣ್ಣು. ಆದರೆ ಬಿಳಿಯಾಗಿರುವ ಮಣ್ಣೆಲ್ಲವೂ ಕುಂಬಾರರಿಗೆ ಸಾಕ್ ಲೂಮ್ ಆಗುತ್ತಿರಲಿಲ್ಲ. ಮನೆ ಕಟ್ಟಲು ಬಳಸುವ ಬಿಳಿಯ ‘ಸಾಹ್ ಕಾಬ್’ ಬೇರೆ, ಮಡಕೆಯ ಮಣ್ಣಿಗೆ ಹದ ಕೊಡಲು ಬೆರೆಸುವ ಸಾಹ್ ಕಾಬ್ ಬೇರೆ. ಎರಡನೆಯದರಲ್ಲಿ ಸಾಕ್ ಲೂಮ್ ಇರಲೇಬೇಕು ಎಂಬುದು ಅವರ ತಿಳಿವಳಿಕೆ. ಸಂಗ್ರಹಿಸಿದ ಮಾದರಿಗಳನ್ನು ಖನಿಜತಜ್ಞ ಬ್ರೂಸ್ ಬೋಹರ್ ಪರೀಕ್ಷಿಸಿದಾಗ ಕುಂಬಾರರ ಸಾಕ್ ಲೂಮ್ ಪ್ಯಾಲಿಗೋರ್ಸ್ಕೈಟ್ ಎಂಬುದು ಖಚಿತವಾಯಿತು. ಯಂತ್ರದಿಂದ ಮಾತ್ರ ಗುರುತಿಸಬಹುದೆಂದು ಭಾವಿಸಲಾಗಿದ್ದ ಖನಿಜವನ್ನು ಕುಂಬಾರರು ಕಣ್ಣು, ಬೆರಳು ಮತ್ತು ಬಳಕೆಯ ಅನುಭವದಿಂದ ಬೇರ್ಪಡಿಸುತ್ತಿದ್ದರು. ಆರ್ನಾಲ್ಡ್ 1967ರಲ್ಲಿ ಈ ಮಣ್ಣಿಗೂ ಮಾಯಾ ನೀಲಿಗೂ ಇರಬಹುದಾದ ಸಂಬಂಧವನ್ನು ಕುರಿತು ಬರೆದರು.

ಟಿಕುಲ್‌ಗೆ ಹತ್ತಿರದಲ್ಲೇ ‘ಸಾಕಲುಮ್’ ಎಂಬ ಊರಿದೆ. ಸಾಕ್ ಲೂಮ್ ಎಂಬುದೇ ಸ್ಪ್ಯಾನಿಷ್ ಬರವಣಿಗೆಯಲ್ಲಿ ಸಾಕಲುಮ್ ಆಗಿ ನಿಂತಿದೆ. ಊರಿನೊಳಗಿನ ಸೆನೋಟೆಯಲ್ಲಿ, ಎಂದರೆ ಸುಣ್ಣಕಲ್ಲಿನ ನೆಲ ಕುಸಿದು ಉಂಟಾದ ಸಹಜ ಬಾವಿಯಲ್ಲಿ, ಈ ಬಿಳಿಮಣ್ಣಿನ ಹಳೆಯ ಗಣಿ ಇತ್ತು. ಆರ್ನಾಲ್ಡ್ ಮತ್ತು ಬೋಹರ್ 1975ರಲ್ಲಿ ಇದನ್ನು ಪ್ರಾಚೀನ ಗಣಿಯೆಂದು ವಿದ್ವತ್ ಲೋಕಕ್ಕೆ ಪರಿಚಯಿಸಿದರು. ಟಿಕುಲ್ ಸಮೀಪದ ಯೋ ಸಾಹ್ ಕಾಬ್ ಎಂಬುದು ಇನ್ನೊಂದು ನೆಲೆ. ಚಿಚೆನ್ ಇಟ್ಸಾ ಮತ್ತು ಪಾಲೆಂಕೆಯ ಮಾಯಾ ನೀಲಿಯ ಮಾದರಿಗಳಲ್ಲಿನ ಸೂಕ್ಷ್ಮ ಧಾತುಗಳನ್ನು ಈ ನೆಲೆಗಳ ಮಣ್ಣಿನೊಡನೆ ಹೋಲಿಸಿದ 2012ರ ಅಧ್ಯಯನವು, ಪ್ರಾಚೀನ ಕಾಲದಲ್ಲಿ ಈ ಎರಡೂ ನೆಲೆಗಳ ಮಣ್ಣು ವರ್ಣದ್ರವ್ಯಕ್ಕೆ ಬಳಕೆಯಾಗಿತ್ತೆಂಬುದಕ್ಕೆ ಆಧಾರ ಒದಗಿಸಿತು. ಸ್ಥಳನಾಮ, ಕುಲಕಸುಬಿನ ಪರಿಭಾಷೆ ಮತ್ತು ವೈಜ್ಞಾನಿಕ ಪರೀಕ್ಷೆ ಮೂರೂ ಒಂದೇ ಮಣ್ಣಿನತ್ತ ಕೈದೋರಿದ ಉದಾಹರಣೆ ಇದಾಗಿದೆ.

ಕುಂಬಾರಿಕೆಯ ಆಚೆಗೂ ಸಾಕ್ ಲೂಮ್‌ಗೆ ಬಳಕೆಯಿತ್ತು. ಹೊಟ್ಟೆಯ ತೊಂದರೆಗಳಿಗೆ ಅದನ್ನು ನೀರಿನಲ್ಲಿ ಕದಡಿ ಕುಡಿಯುವ ಮನೆಮದ್ದು ರೂಢಿಯಲ್ಲಿತ್ತು. ಇದೇ ಖನಿಜ ಅತಿಸಾರ ತಡೆಯುವ ಔಷಧಗಳಲ್ಲಿ ಆಧುನಿಕ ಕಾಲದಲ್ಲಿಯೂ ಬಳಕೆಯಾದುದುಂಟು. ಹೀಗೆ ಮಡಕೆಯ ಮಣ್ಣಾಗಿ, ಮದ್ದಾಗಿ, ಊರಿನ ಹೆಸರಾಗಿ ಸಾಕ್ ಲೂಮ್ ಜನರ ಬದುಕಿನಲ್ಲಿ ಉಳಿದಿತ್ತು. ಅದರಿಂದ ಬಣ್ಣವಾಗುತ್ತದೆ ಎಂಬ ಅರಿವು ಮಾತ್ರ ಮಾಸಿಹೋಗಿತ್ತು.

ಆಚರಣೆಯಲ್ಲಿ ನೀಲಿ

ಈ ಮರೆವಿನ ಕಾರಣವನ್ನು ಅರಿಯಲು ನೀಲಿಗೆ ಮಾಯಾ ಸಂಸ್ಕೃತಿಯಲ್ಲಿದ್ದ ಸ್ಥಾನವನ್ನು ಗಮನಿಸಬೇಕಾಗುತ್ತದೆ. ಯುಕಟಾನಿನ ಮಾಯಾ ಭಾಷೆಯ ‘ಯಾಶ್’ ಎಂಬ ಪದ ಹಸಿರು ಮತ್ತು ನೀಲಿ ಎರಡನ್ನೂ ಒಳಗೊಳ್ಳುತ್ತದೆ. ಮಾಯಾ ವಿಶ್ವಕಲ್ಪನೆಯಲ್ಲಿ ಪೂರ್ವಕ್ಕೆ ಕೆಂಪು, ಉತ್ತರಕ್ಕೆ ಬಿಳಿ, ಪಶ್ಚಿಮಕ್ಕೆ ಕಪ್ಪು, ದಕ್ಷಿಣಕ್ಕೆ ಹಳದಿ; ನಡುವಿನ ನೆಲೆಗೆ ಯಾಶ್. ನೀರು, ಎಳೆಯ ಜೋಳದ ಪೈರು ಮತ್ತು ಮಳೆಯ ದೇವತೆ ಚಾಕ್ ಈ ಬಣ್ಣದೊಡನೆ ಬೆಸೆದುಕೊಂಡಿದ್ದವು. ನೆಲದ ಮೇಲೆ ಹರಿಯುವ ನದಿಗಳೇ ವಿರಳವಾಗಿರುವ ಉತ್ತರ ಯುಕಟಾನಿನಲ್ಲಿ ಬೇಸಾಯವೆಲ್ಲ ಮಳೆಯನ್ನು ನಂಬಿತ್ತು. ನೀರಿನ ಆಸರೆ ಸೆನೋಟೆಗಳು.

ಸ್ಪೇನಿನ ಪಾದ್ರಿ ಡಿಯಾಗೊ ದ ಲಾಂಡಾ ಸುಮಾರು 1566ರಲ್ಲಿ ಬರೆದ ಯುಕಟಾನ್ ವೃತ್ತಾಂತದಲ್ಲಿ ನೀಲಿಯ ಆಚರಣೆಗಳ ವಿವರಗಳಿವೆ. ಬಲಿಗೆ ಆಯ್ದ ವ್ಯಕ್ತಿಯ ಮೈಗೆ ನೀಲಿ ಬಳಿಯುತ್ತಿದ್ದ ಸಂಗತಿಯನ್ನು ಆತ ದಾಖಲಿಸಿದ್ದಾನೆ. ಇದು ಹೆಚ್ಚಾಗಿ ಪ್ರಸ್ತಾಪವಾಗುವ ಭಾಗ. ಇದಕ್ಕಿಂತ ಭಿನ್ನವಾದ ಇನ್ನೊಂದು ವಿವರ ಅದೇ ಕೃತಿಯಲ್ಲಿದೆ. ಯಾಶ್‌ಕಿನ್ ಮಾಸದಲ್ಲಿ ಸಿದ್ಧತೆ ಆರಂಭವಾಗಿ ಮೋಲ್ ಮಾಸದಲ್ಲಿ ನೆರವೇರುತ್ತಿದ್ದ ಹಬ್ಬದಲ್ಲಿ ಪುರೋಹಿತನ ಉಪಕರಣಗಳಿಂದ ಹಿಡಿದು ಹೆಂಗಸರ ನೂಲುವ ಕದಿರಿನವರೆಗೆ ಎಲ್ಲ ಕಸುಬುಗಳ ಸಲಕರಣೆಗಳಿಗೂ ಮನೆಯ ಕಂಬಗಳಿಗೂ ನೀಲಿ ಹಚ್ಚುತ್ತಿದ್ದರು. ಅದೇ ಹಬ್ಬದಲ್ಲಿ ಊರಿನ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಕರೆತಂದು, ಅವರ ಮುಂಗೈಯ ಗೆಣ್ಣುಗಳ ಮೇಲೆ ಒಂಬತ್ತು ಬಾರಿ ಮೆಲ್ಲಗೆ ತಟ್ಟುತ್ತಿದ್ದರು. ತಂದೆತಾಯಿಯರ ಕಸುಬಿನಲ್ಲಿ ಮಕ್ಕಳು ಕುಶಲರಾಗಲಿ ಎಂಬುದು ಅದರ ಆಶಯ. ಕನ್ನಡ ನಾಡಿನ ಓದುಗರಿಗೆ ಇದು ಆಯುಧಪೂಜೆಯನ್ನು ನೆನಪಿಸುವುದು ಸಹಜ. ಈ ಹೋಲಿಕೆಯಿಂದ ಎರಡು ಸಂಸ್ಕೃತಿಗಳ ನಡುವೆ ಸಂಬಂಧವನ್ನು ಕಲ್ಪಿಸಲಾಗದು. ದುಡಿಯುವ ಸಲಕರಣೆಯನ್ನು ಪೂಜ್ಯವೆಂದು ಕಾಣುವ ಮನೋಭಾವ ಬೇರೆ ಬೇರೆ ಕಡೆ ಸ್ವತಂತ್ರವಾಗಿ ರೂಪುಗೊಂಡಿದೆ ಎಂದಷ್ಟೇ ಹೇಳಬಹುದು. ಇಲ್ಲಿ ಮುಖ್ಯವಾದ ಅಂಶವೆಂದರೆ, ಮಾಯಾ ಸಮಾಜದಲ್ಲಿ ನೀಲಿಯು ಚಿತ್ರಕಾರನ ಸಾಮಗ್ರಿಯಷ್ಟೇ ಆಗಿರಲಿಲ್ಲ. ಕಸುಬು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವ ಕ್ಷಣದ ಗುರುತೂ ಆಗಿತ್ತು.

ಧೂಪದ ಬಟ್ಟಲು

ಚಿಚೆನ್ ಇಟ್ಸಾದ ಪವಿತ್ರ ಸೆನೋಟೆಯಿಂದ ಎಡ್ವರ್ಡ್ ಥಾಂಪ್ಸನ್ ಅವರು 1904ರಿಂದ ಹೂಳೆತ್ತಿಸಿ ಅನೇಕ ಹರಕೆಯ ವಸ್ತುಗಳನ್ನು ಮೇಲೆ ತೆಗೆದರು. ಬಾವಿಯ ತಳದಲ್ಲಿ ಸುಮಾರು 14 ಅಡಿ ದಪ್ಪದ ನೀಲಿ ಹೂಳಿನ ಪದರ ಕಂಡುಬಂದಿತ್ತು. ಶತಮಾನಗಳ ಕಾಲ ನೀಲಿ ಬಳಿದು ಬಾವಿಗೆ ಅರ್ಪಿಸಿದ ವಸ್ತುಗಳಿಂದ ತೊಳೆದುಹೋದ ಬಣ್ಣವೇ ಈ ಪದರವೆಂದು ವಿವರಿಸಲಾಗಿದೆ. ಅಲ್ಲಿ ದೊರೆತ ಮೂರು ಕಾಲಿನ ಮಣ್ಣಿನ ಬಟ್ಟಲೊಂದು ಮುಂದೆ ಷಿಕಾಗೊ ನಗರದ ಫೀಲ್ಡ್ ವಸ್ತುಸಂಗ್ರಹಾಲಯವನ್ನು ಸೇರಿತು. ಬಟ್ಟಲಿನಲ್ಲಿ ಕೋಪಾಲ್ ಎಂಬ ಮರದ ರಾಳದ ಧೂಪವಿತ್ತು. ಅದರಲ್ಲಿ ಬಿಳಿಯ ಮತ್ತು ನೀಲಿಯ ಕಣಗಳಿದ್ದವು. ಆರ್ನಾಲ್ಡ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಅದನ್ನು ಪರೀಕ್ಷಿಸಿ, ಪ್ಯಾಲಿಗೋರ್ಸ್ಕೈಟ್ ಮತ್ತು ನೀಲಿಯ ಕುರುಹುಗಳನ್ನು ಗುರುತಿಸಿ 2008ರಲ್ಲಿ ಪ್ರಕಟಿಸಿದರು. ಅವರ ತೀರ್ಮಾನದಂತೆ ಸೆನೋಟೆಯ ಬಳಿ ನಡೆಯುತ್ತಿದ್ದ ಆಚರಣೆಯಲ್ಲಿ ಧೂಪ ಉರಿಯುವಾಗಲೇ ಅದರ ಶಾಖದಲ್ಲಿ ಮಣ್ಣು ಮತ್ತು ನೀಲಿ ಬೆಸೆದು ಮಾಯಾ ನೀಲಿ ಸಿದ್ಧವಾಗುತ್ತಿತ್ತು. ಕೋಪಾಲ್, ನೀಲಿ, ಬಿಳಿಮಣ್ಣು ಮೂರೂ ಮಾಯಾ ಜನರಲ್ಲಿ ಮದ್ದಿನ ವಸ್ತುಗಳು. ಗುಣಪಡಿಸುವ ಮೂರು ದ್ರವ್ಯಗಳು ಬೆಂಕಿಯಲ್ಲಿ ಒಂದಾಗಿ, ನೆಲವನ್ನು ಗುಣಪಡಿಸುವ ಮಳೆಯ ಬಣ್ಣ ತಾಳುತ್ತಿದ್ದವು ಎಂಬ ವ್ಯಾಖ್ಯಾನವನ್ನು ಅವರು ನೀಡಿದ್ದಾರೆ.

ಮಾಯಾ ನೀಲಿ ಇದೊಂದೇ ವಿಧಾನದಲ್ಲಿ ತಯಾರಾಗುತ್ತಿತ್ತೆಂದು ಹೇಳಲಾಗದು. ದೊಡ್ಡ ಗೋಡೆಗಳಿಗೆ ಬೇಕಾದ ಬಣ್ಣಕ್ಕೆ ಬೇರೆ ಕ್ರಮಗಳೂ ಇದ್ದಿರಬಹುದು. ಮೆಕ್ಸಿಕೊದ ವಿದ್ವಾಂಸ ಕಾನ್‌ಸ್ಟಾಂಟಿನೊ ರೆಯೆಸ್-ವಲೆರಿಯೊ ಸಿದ್ಧನೀಲಿಯ ಬದಲು ಎಲೆಗಳನ್ನೇ ಮಣ್ಣಿನೊಡನೆ ಬಳಸಿ ವರ್ಣದ್ರವ್ಯವನ್ನು ಪಡೆದು ತೋರಿಸಿದ್ದರು. ಆದರೆ ಬಣ್ಣದ ತಯಾರಿಕೆ ಆಚರಣೆಯ ಒಂದು ಅಂಗವೇ ಆಗಿತ್ತು ಎಂಬುದಕ್ಕೆ ಈ ಬಟ್ಟಲು ಸಾಕ್ಷಿಯಾಗಿದೆ.

ವಿಧಾನದ ಮರೆವು

ಸ್ಪೇನಿನವರ ಆಕ್ರಮಣದ ಅನಂತರ ಮಾಯಾ ನೀಲಿ ಕೂಡಲೇ ಮರೆಯಾಗಲಿಲ್ಲ. 16ನೆಯ ಶತಮಾನದ ಕ್ರೈಸ್ತ ಮಠಗಳ ಗೋಡೆಗಳಲ್ಲಿ ಸ್ಥಳೀಯ ಚಿತ್ರಕಾರರು ಅದನ್ನು ಬಳಸಿದ್ದನ್ನು ರೆಯೆಸ್-ವಲೆರಿಯೊ ತೋರಿಸಿದ್ದಾರೆ. ಸಾಹಗುನ್ ಪಾದ್ರಿಯ ನೇತೃತ್ವದಲ್ಲಿ ನಹುವಾ ಲಿಪಿಕಾರರು 1570ರ ದಶಕದಲ್ಲಿ ಸಿದ್ಧಪಡಿಸಿದ ಫ್ಲಾರೆನ್ಸ್ ಹಸ್ತಪ್ರತಿಯ ಚಿತ್ರಗಳಲ್ಲಿಯೂ ಅದು ಇದೆ. ಕ್ಯೂಬಾದ 18 ಮತ್ತು 19ನೆಯ ಶತಮಾನಗಳ ಗೋಡೆಚಿತ್ರಗಳಲ್ಲಿಯೂ ಅದನ್ನು ಗುರುತಿಸಲಾಗಿದೆ. ಅಂದರೆ ಬಣ್ಣವನ್ನು ಯಾರೂ ನಿಷೇಧಿಸಿದಂತಿಲ್ಲ. ಕ್ಷೀಣಿಸಿದ್ದು ಅದರ ಸುತ್ತಲಿನ ವ್ಯವಸ್ಥೆ.

ಈ ಕ್ಷಯಕ್ಕೆ ಎರಡು ಮುಖಗಳಿವೆ. ಮೊದಲನೆಯದು ಧಾರ್ಮಿಕ. ನೀಲಿಯ ಹಬ್ಬಗಳನ್ನು ಬರೆದಿಟ್ಟ ಅದೇ ಲಾಂಡಾ 1562ರಲ್ಲಿ ಮಾನಿ ಎಂಬ ಊರಿನಲ್ಲಿ ಮಾಯಾ ಜನರ ಹೊತ್ತಗೆಗಳನ್ನೂ ವಿಗ್ರಹಗಳನ್ನೂ ಸುಡಿಸಿದ. ಇಂದು ಉಳಿದಿರುವ ಮಾಯಾ ಹೊತ್ತಗೆಗಳು ನಾಲ್ಕು ಮಾತ್ರ. ಹೊತ್ತಗೆ, ಪುರೋಹಿತ, ಹಬ್ಬ ಇವು ಹೋದಾಗ ಬಣ್ಣ ತಯಾರಿಸುವ ಸಂದರ್ಭವೇ ಇಲ್ಲವಾಯಿತು. ಎರಡನೆಯದು ಆರ್ಥಿಕ. 16ನೆಯ ಶತಮಾನದ ಕೊನೆಯ ದಶಕಗಳಿಂದ ನೀಲಿಯು ಯುರೋಪಿನ ಬಟ್ಟೆಗಳಿಗಾಗಿ ರಫ್ತಾಗುವ ಸರಕಾಯಿತು. ಮಧ್ಯ ಅಮೆರಿಕದ ನೀಲಿ ಕೊಟ್ಟಿಗಳಲ್ಲಿ ಸ್ಥಳೀಯರು ಕೊಳೆತ ಸೊಪ್ಪಿನ ತೊಟ್ಟಿಗಳ ನಡುವೆ ದುಡಿಯಬೇಕಾಯಿತು. ಬಂಗಾಳದಲ್ಲಿ 1859–60ರಲ್ಲಿ ರೈತರು ನೀಲಿ ಬೆಳೆಯ ಒತ್ತಾಯದ ವಿರುದ್ಧ ದಂಗೆಯೆದ್ದ ಇತಿಹಾಸ ಬಲ್ಲವರಿಗೆ ಈ ಬಗೆಯ ದುಡಿಮೆಯ ಕಠೋರತೆಯನ್ನು ಬೇರೆಯಾಗಿ ವಿವರಿಸಬೇಕಿಲ್ಲ. ಮಳೆಯ ದೇವತೆಯ ಬಣ್ಣ ತೂಕದ ಲೆಕ್ಕಕ್ಕೆ ಬಂದ ಮೇಲೆ ಗಿಡದ ನೆಂಟಸ್ತಿಕೆ ಮಣ್ಣಿನಿಂದ ಕಡಿದು ಬಟ್ಟೆಯ ವ್ಯಾಪಾರಕ್ಕೆ ಅಂಟಿಕೊಂಡಿತು.

ಹೀಗೆ ಗಿಡವು ವ್ಯಾಪಾರಿಯ ಪಾಲಾಯಿತು, ಮಣ್ಣು ಕುಂಬಾರನಲ್ಲಿ ಉಳಿಯಿತು, ಧೂಪ ಮನೆ ಮತ್ತು ಚರ್ಚುಗಳ ಪೂಜೆಯಲ್ಲಿ ಮುಂದುವರಿಯಿತು. ಮೂರೂ ಬೇರೆ ಬೇರೆ ಕೈಗಳಲ್ಲಿ ಬದುಕಿದವು. ಜ್ಞಾನ ಇದ್ದದ್ದು ಬಿಡಿ ವಸ್ತುಗಳಲ್ಲಿ ಅಲ್ಲ, ಅವುಗಳ ಕೂಡುವಿಕೆಯಲ್ಲಿ. ಕೂಡಿಸುವ ಕೈ ಇಲ್ಲವಾದಾಗ ಯಾವ ವಸ್ತುವೂ ನಾಶವಾಗದೆ ಒಂದು ವಿದ್ಯೆ ನಾಶವಾಯಿತು.

ಸಮಾರೋಪ

ಈ ವಿದ್ಯೆ ಅದು ಹುಟ್ಟಿದ ಸಮುದಾಯಕ್ಕೆ ಮರಳುವ ಪ್ರಯತ್ನವೂ ನಡೆದಿದೆ. ಟಿಕುಲ್‌ಗೆ ಸಮೀಪದ ದ್ಜಾನ್ ಗ್ರಾಮದ ಮಾಯಾ ಕುಂಭಕಲಾವಿದ ಲೂಯಿಸ್ ಮಾಯ್ ಕು ಅವರು ಸ್ಥಳೀಯ ಚೋಹ್ ಗಿಡವನ್ನು ಹುಡುಕಿ, ಅದರ ನೀಲಿಯನ್ನು ಮಣ್ಣಿನೊಡನೆ ಬೆಸೆದು ಮಾಯಾ ನೀಲಿಯನ್ನು ಮತ್ತೆ ತಯಾರಿಸಿದ ಸುದ್ದಿ 2023ರಲ್ಲಿ ಬೆಳಕಿಗೆ ಬಂತು. ಪ್ರಯೋಗಾಲಯಗಳಲ್ಲಿ ಅದಕ್ಕಿಂತ ಅರ್ಧ ಶತಮಾನದ ಮೊದಲೇ ಇದು ಸಾಧ್ಯವಾಗಿತ್ತಾದರೂ, ಗಿಡವನ್ನು ಅದರ ಮಾಯಾ ಹೆಸರಿನಿಂದ ಕರೆಯುವ ಕುಂಬಾರನ ಕೈಯಲ್ಲಿ ಅದು ಆದುದಕ್ಕೆ ಬೇರೆಯದೇ ಅರ್ಥವಿದೆ.

ಮಾಯಾ ನೀಲಿಯ ಇತಿಹಾಸ ಜಾನಪದ ಕ್ಷೇತ್ರಕಾರ್ಯಕ್ಕೆ ಒಂದು ಎಚ್ಚರಿಕೆಯನ್ನೂ ನೀಡುತ್ತದೆ. ಕಸುಬುಗಳ ಅಧ್ಯಯನದಲ್ಲಿ ಸಲಕರಣೆಗಳ ಪಟ್ಟಿ, ಸಾಮಗ್ರಿಗಳ ಹೆಸರು, ಕಚ್ಚಾ ವಸ್ತುವಿನ ಮೂಲ ಇವುಗಳನ್ನು ಸಂಗ್ರಹಿಸುವುದು ರೂಢಿ. ಆ ಕೆಲಸ ಎಷ್ಟು ಅಮೂಲ್ಯವೆಂಬುದನ್ನು ಸಾಕ್ ಲೂಮ್ ಎಂಬ ಒಂದೇ ಪದ ಸಾಬೀತುಪಡಿಸಿದೆ. ಆದರೆ ಆ ಪಟ್ಟಿಯಷ್ಟರಿಂದಲೇ ವಿದ್ಯೆ ಉಳಿಯುವುದಿಲ್ಲ. ಯಾವ ವಸ್ತು ಯಾವುದರೊಡನೆ ಕೂಡುತ್ತದೆ, ಯಾವ ದಿನ, ಯಾರ ಕೈಯಿಂದ, ಯಾವ ನಂಬಿಕೆಯ ಸಂಗಡ ಎಂಬ ವಿವರಗಳೂ ದಾಖಲೆಗೆ ಸೇರಬೇಕು. ಆಚರಣೆಯನ್ನು ಒಂದೆಡೆ, ತಂತ್ರವನ್ನು ಇನ್ನೊಂದೆಡೆ ಇಟ್ಟು ಅಧ್ಯಯನ ಮಾಡುವ ಕ್ರಮದಿಂದ ಇವೆರಡೂ ಒಂದೇ ಆಗಿದ್ದ ಸಂದರ್ಭಗಳು ಕಣ್ಣಿಗೆ ಬೀಳದೆ ಹೋಗುತ್ತವೆ. ಲಾಂಡಾ ನೀಲಿ ಹಚ್ಚಿದ ಕದಿರನ್ನೂ ಕಂಬವನ್ನೂ ಕಂಡು ಬರೆದ. ಆ ನೀಲಿಯನ್ನು ಯಾವ ಮಣ್ಣಿನಿಂದ, ಯಾವ ಬೆಂಕಿಯಲ್ಲಿ ಮಾಡಿದರೆಂಬುದನ್ನು ಬರೆಯಲಿಲ್ಲ. ಒಂದು ಊರು ತನ್ನ ಹೆಸರಿನಲ್ಲಿ ಆ ಮಣ್ಣನ್ನು ಉಳಿಸಿಕೊಂಡಿದ್ದರಿಂದ, ಬಿಟ್ಟುಹೋದ ಆ ಸಾಲನ್ನು ನಾಲ್ಕು ಶತಮಾನಗಳ ಅನಂತರ ಓದಲು ಸಾಧ್ಯವಾಯಿತು.